ತಾಯಿಮರವೂ ಶೀಶೆಯ ಸಸಿಯೂ



ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕಿನಲ್ಲಿ ಹಚ್ಚೊಳ್ಳಿ ಎಂಬ ಊರಿದೆ. ಎರೆಮಣ್ಣಿನ ಬಯಲುಸೀಮೆ ಅದು. ಮಲೆನಾಡಿನಂತಹ ಕಾಡು ಅಲ್ಲಿಲ್ಲ. ಹೊಲದ ಬದುವಿನಲ್ಲಿ ಬೇವು, ಹಾದಿಯ ಪಕ್ಕದಲ್ಲಿ ಜಾಲಿ, ಗುಡಿಯ ಮುಂದೆ ಬನ್ನಿ ಅಥವಾ ಅರಳಿ, ಇವೇ ಆ ಸೀಮೆಯ ಮರಸಂಪತ್ತು. ಆದರೆ ಆ ಸೀಮೆಯ ನೀರಿಗೂ ಮಲೆನಾಡಿಗೂ ನೇರ ಸಂಬಂಧವಿದೆ. ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆಯರು ಕೂಡ್ಲಿಯಲ್ಲಿ ಒಂದಾಗಿ, ಹೊಸಪೇಟೆಯ ಅಣೆಕಟ್ಟನ್ನು ದಾಟಿ ಸಿರುಗುಪ್ಪ ಸೀಮೆಯ ಗದ್ದೆಗಳನ್ನು ತಣಿಸುತ್ತಾರೆ. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿಯುವ ವೇದಾವತಿಯು ಆ ನಾಡಿನಲ್ಲಿ ಹಗರಿ ಎಂಬ ಹೆಸರು ಪಡೆಯುತ್ತದೆ. ಘಟ್ಟದ ಕಾಡು ಬಡವಾದರೆ ಹಚ್ಚೊಳ್ಳಿಯ ಹೊಲವೂ ಬಡವಾಗುತ್ತದೆ.

ಇಂದು ಈ ಎರಡು ಸೀಮೆಗಳನ್ನು ಮತ್ತೊಂದು ವಸ್ತುವೂ ಜೋಡಿಸಿದೆ. ಅದು ಪ್ಲಾಸ್ಟಿಕ್ ಚೀಲದಲ್ಲಿ ಬರುವ ಸಸಿ. ಶಿರಸಿಯ ರೈತನು ಕೊಳ್ಳುವ ತೇಗದ ಸಸಿಯೂ, ಸಿರುಗುಪ್ಪದ ರೈತನು ಕೊಳ್ಳುವ ತೇಗದ ಸಸಿಯೂ ಒಂದೇ ಪ್ರಯೋಗಾಲಯದಲ್ಲಿ, ಒಂದೇ ತಾಯಿಮರದಿಂದ ಹುಟ್ಟಿರುವ ಸಾಧ್ಯತೆ ಇದೆ. ಆ ಸಸಿ ಎಲ್ಲಿಂದ ಬಂತು, ಅದರ ತಾಯಿ ಯಾವುದು, ಅದರ ಒಡಹುಟ್ಟುಗಳು ಎಷ್ಟು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಭತ್ತದ ಬೀಜ ಕೆಟ್ಟದ್ದಾದರೆ ಒಂದು ಹಂಗಾಮು ಹೋಗುತ್ತದೆ. ಮರದ ಸಸಿ ಕೆಟ್ಟದ್ದಾದರೆ ಹದಿನೈದು ಇಪ್ಪತ್ತು ವರ್ಷಗಳ ಭೂಮಿ, ನೀರು ಮತ್ತು ದುಡಿಮೆ ಹೋಗುತ್ತದೆ. ಆದ್ದರಿಂದ ಅರಣ್ಯಶಾಸ್ತ್ರದಲ್ಲಿ ಜೈವಿಕ ತಂತ್ರಜ್ಞಾನದ ಬಳಕೆ ಎಂಬ ವಿಷಯವು ವಿಜ್ಞಾನಿಗಳಿಗೆ ಮಾತ್ರ ಬಿಟ್ಟುಬಿಡಬಹುದಾದ ವಿಷಯವಲ್ಲ.

ಮೊದಲು ಮೂಲ ಸಂಗತಿ. ಮರವೊಂದು ಎರಡು ಬಗೆಯಲ್ಲಿ ವೃದ್ಧಿಯಾಗುತ್ತದೆ. ಬೀಜದಿಂದ ಹುಟ್ಟಿದ ಸಸಿಯಲ್ಲಿ ತಂದೆತಾಯಿಗಳ ಗುಣಗಳು ಬೆರೆತಿರುತ್ತವೆ; ಒಂದರಂತೆ ಇನ್ನೊಂದು ಇರುವುದಿಲ್ಲ. ಕಡ್ಡಿ, ಗೂಟಿ, ಕಸಿ ಅಥವಾ ಬೇರಿನ ಚಿಗುರಿನಿಂದ ಬಂದ ಗಿಡವು ತಾಯಿಯ ತದ್ರೂಪ. ಮಲೆನಾಡಿನ ಕೃಷಿಕರಿಗೆ ಇದು ಹೊಸತಲ್ಲ. ಹೊಳೆಯಂಚಿನ ಒಂದು ಅಪ್ಪೆಮಿಡಿ ಮರದ ಸೊನೆ, ಪರಿಮಳ ಮೆಚ್ಚಿಗೆಯಾದರೆ ಅದರ ಕುಡಿ ತಂದು ಕಸಿ ಕಟ್ಟುವುದು ತದ್ರೂಪಿ ತಂತ್ರವೇ. ಪ್ರಯೋಗಾಲಯವು ಇದೇ ಕೆಲಸವನ್ನು ಅತಿ ಸಣ್ಣ ತುಣುಕಿನಿಂದ ಅತಿ ದೊಡ್ಡ ಸಂಖ್ಯೆಯಲ್ಲಿ ಮಾಡುತ್ತದೆ.

ಅಂಗಾಂಶ ಕೃಷಿಯ ಕ್ರಮ ಹೀಗಿದೆ. ಆಯ್ದ ಮರದ ಎಳೆಯ ಮೊಗ್ಗನ್ನು ತೆಗೆದು, ಮೇಲ್ಮೈಯಲ್ಲಿರುವ ಸೂಕ್ಷ್ಮಾಣುಗಳನ್ನು ನಾಶಮಾಡಿ, ಶೀಶೆಯೊಳಗಿನ ಪೋಷಕ ಮಾಧ್ಯಮದಲ್ಲಿ ಇಡಲಾಗುತ್ತದೆ. ಆ ಮಾಧ್ಯಮದಲ್ಲಿ ಸಕ್ಕರೆ, ಲವಣಗಳು, ಜೀವಸತ್ವಗಳು ಹಾಗೂ ಸಸ್ಯಚೋದಕಗಳು ಇರುತ್ತವೆ. ಸೈಟೊಕೈನಿನ್ ಎಂಬ ಚೋದಕ ಚಿಗುರನ್ನು ಹೆಚ್ಚಿಸುತ್ತದೆ. ಆಕ್ಸಿನ್ ಬೇರನ್ನು ಬರಿಸುತ್ತದೆ. ಒಂದು ಚಿಗುರು ಹಲವಾಗಿ, ಹಲವು ನೂರಾರಾಗಿ, ಕೊನೆಗೆ ಬೇರುಬಿಟ್ಟ ಮೇಲೆ ಮಂಜುಮನೆಯ ತೇವದಲ್ಲಿ ಸಸಿಯನ್ನು ಹದಗೊಳಿಸಲಾಗುತ್ತದೆ. ಈ ಕೊನೆಯ ಹಂತದಲ್ಲಿ ಅವಸರ ಮಾಡಿದರೆ, ಶೀಶೆಯಲ್ಲಿ ಸೊಗಸಾಗಿದ್ದ ಗಿಡ ಹೊಲದ ಬಿಸಿಲಿಗೆ ಬಾಡಿಹೋಗುತ್ತದೆ.

ಜರ್ಮನ್ ಭಾಷಿಕ ವಿಜ್ಞಾನಿ ಹಾಬರ್‌ಲಾಂಟ್ 1902ರಲ್ಲಿ ಈ ವಿಚಾರವನ್ನು ಮುಂದಿಟ್ಟನು. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ರೂಪಿಸಿದ ಪೋಷಕ ಮಾಧ್ಯಮವು ಇಂದಿಗೂ ಬಳಕೆಯಲ್ಲಿದೆ. ಭಾರತದ ವೃಕ್ಷಗಳ ವಿಷಯದಲ್ಲಿ ಎರಡು ಮೈಲಿಗಲ್ಲುಗಳನ್ನು ಹೆಸರಿಸಬಹುದು. 1979ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಶ್ರೀಗಂಧದ ಚಿಗುರಿನ ಕೋಶಗಳಿಂದ ಭ್ರೂಣಸದೃಶ ರಚನೆಗಳನ್ನು ಬೆಳೆಸಿ, ಅವುಗಳಿಂದ ಸಸಿ ಪಡೆದುದನ್ನು ಪ್ರಕಟಿಸಿದರು. 1980ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ತೇಗದ ಅಂಗಾಂಶ ಕೃಷಿಯನ್ನು ಸಾಧಿಸಿದರು. ಬೆಂಗಳೂರಿನ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಶ್ರೀಗಂಧ, ಬಿದಿರು ಮುಂತಾದವುಗಳ ಸಸ್ಯಾಭಿವೃದ್ಧಿಯಲ್ಲಿ ದೀರ್ಘಕಾಲದಿಂದ ತೊಡಗಿದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ದೂರಮಾಡಬೇಕು. ಅಂಗಾಂಶ ಕೃಷಿಯ ಸಸಿ ಎಂದರೆ ಕುಲಾಂತರಿ ಸಸಿಯಲ್ಲ. ಅಂಗಾಂಶ ಕೃಷಿಯು ಇದ್ದ ವಂಶವಾಹಿಗಳನ್ನೇ ನಕಲು ಮಾಡುತ್ತದೆ. ಕುಲಾಂತರಿ ತಂತ್ರವು ವಂಶವಾಹಿಯನ್ನು ಹೊರಗಿನಿಂದ ಸೇರಿಸುತ್ತದೆ. 2021ರಲ್ಲಿ ರಬ್ಬರ್ ಮಂಡಳಿಯು ಅಸ್ಸಾಮಿನಲ್ಲಿ ಕುಲಾಂತರಿ ರಬ್ಬರ್ ಗಿಡವನ್ನು ಪ್ರಾಯೋಗಿಕವಾಗಿ ನೆಟ್ಟಿತು. ಅದು ಬೇರೆಯೇ ಚರ್ಚೆಯನ್ನು ಬೇಡುವ ವಿಷಯ. ಎರಡನ್ನೂ ಒಂದೇ ಎಂದು ಭಾವಿಸಿ ಹೆದರುವುದೂ ಸರಿಯಲ್ಲ, ಶೀಶೆಯಲ್ಲಿ ಹುಟ್ಟಿದ್ದೆಲ್ಲ ಶ್ರೇಷ್ಠ ಎಂದು ನಂಬುವುದೂ ಸರಿಯಲ್ಲ.

ತಂತ್ರಜ್ಞಾನದ ಉಪಕಾರವನ್ನು ಮರೆಮಾಚಬಾರದು. ಶೃಂಗೇರಿ, ಕೊಪ್ಪ, ಸುಳ್ಯ ಪ್ರದೇಶಗಳ ಅಡಿಕೆ ತೋಟಗಳು ಹಳದಿ ಎಲೆ ರೋಗದಿಂದ ನರಳಿರುವುದು ಎಲ್ಲರಿಗೂ ತಿಳಿದಿದೆ. ರೋಗ ಹರಡಿದ ತೋಟಗಳ ನಡುವೆಯೂ ಅಲ್ಲೊಂದು ಇಲ್ಲೊಂದು ಮರ ಹಸಿರಾಗಿ ಉಳಿದಿರುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಂತಹ ಮರಗಳನ್ನು ಗುರುತಿಸಿ, ಎಳೆಯ ಹಿಂಗಾರದಿಂದ ಅಂಗಾಂಶ ಕೃಷಿಯ ಮೂಲಕ ಸಸಿ ಪಡೆಯುವ ವಿಧಾನವನ್ನು ರೂಪಿಸಿದ್ದಾರೆ. ಅಡಿಕೆಗೆ ಕಸಿಯಿಲ್ಲ, ಕವಲಿಲ್ಲ. ಒಳ್ಳೆಯ ಮರದ ಗುಣವನ್ನು ಹಾಗೆಯೇ ಉಳಿಸಿಕೊಳ್ಳಲು ಶೀಶೆಯ ದಾರಿಯೇ ಬೇಕು. ಆದರೆ ಇದರೊಳಗಿನ ಪಾಠವನ್ನು ಗಮನಿಸಬೇಕು. ಪ್ರಯೋಗಾಲಯವು ರೋಗ ತಾಳುವ ಗುಣವನ್ನು ಸೃಷ್ಟಿಸಲಿಲ್ಲ. ಬೀಜದಿಂದ ಹುಟ್ಟಿದ, ಒಂದರಂತೆ ಒಂದಿಲ್ಲದ ಸಾವಿರಾರು ಮರಗಳ ನಡುವೆ ಆ ಗುಣ ಮೊದಲೇ ಇತ್ತು. ಎಲ್ಲ ತೋಟಗಳೂ ಒಂದೇ ಮರದ ನಕಲಾಗಿದ್ದಿದ್ದರೆ ಆರಿಸಲು ಒಂದು ಮರವೂ ಉಳಿಯುತ್ತಿರಲಿಲ್ಲ.

ಏಕರೂಪತೆಯ ಅಪಾಯವನ್ನು ಕರ್ನಾಟಕವು ನೀಲಗಿರಿಯಿಂದ ಕಲಿತಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ, ನಂದಿಬೆಟ್ಟಕ್ಕೆ ಬಂದ ನೀಲಗಿರಿಯ ವಂಶವೇ ಮುಂದೆ ‘ಮೈಸೂರು ಗಮ್’ ಎಂಬ ಹೆಸರಿನಲ್ಲಿ ದೇಶದ ಉದ್ದಗಲಕ್ಕೂ ಹಬ್ಬಿತು. ಕೆಲವೇ ಮರಗಳ ಸಂತಾನವು ಲಕ್ಷಾಂತರ ಹೆಕ್ಟೇರುಗಳನ್ನು ಆವರಿಸಿತು. ಹೆಚ್ಚು ಮಳೆ ಬೀಳುವ ಘಟ್ಟ ಪ್ರದೇಶದಲ್ಲಿ ಗುಲಾಬಿ ರೋಗ ಎಂಬ ಶಿಲೀಂಧ್ರವು ಈ ತೋಪುಗಳನ್ನು ಕಾಡಿತು. ತರುವಾಯ ಕಾಗದ ಮತ್ತು ನಾರಿನ ಉದ್ಯಮಗಳಿಗಾಗಿ ಆಯ್ದ ತದ್ರೂಪಿ ತಳಿಗಳು ಬಂದವು. 2000ದ ದಶಕದಲ್ಲಿ ಎಲೆಯಲ್ಲಿ ಗಂಟು ಬರಿಸುವ ಸಣ್ಣ ಕಣಜವೊಂದು ದಕ್ಷಿಣ ಭಾರತದ ನೀಲಗಿರಿಯನ್ನು ಮುತ್ತಿದಾಗ ಕೆಲವು ತದ್ರೂಪಿಗಳು ತಾಳಿಕೊಂಡವು, ಕೆಲವು ಸೊರಗಿದವು. ತಾಳದ ತದ್ರೂಪಿಯೊಂದನ್ನೇ ನೆಟ್ಟವನಿಗೆ ಅರ್ಧ ನಷ್ಟ ಎಂಬುದು ಇರಲಿಲ್ಲ. ತೋಪಿಗೆ ತೋಪೇ ನಷ್ಟ.

ಈ ಕಥೆಗೆ ಇನ್ನೊಂದು ಮುಖವೂ ಉಂಟು. 1984ರಲ್ಲಿ ಸರ್ಕಾರ ಮತ್ತು ಖಾಸಗಿ ಉದ್ಯಮದ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪನೆಯಾಯಿತು. ಹಳ್ಳಿಗರ ಮೇವು, ಸೌದೆ, ಸೊಪ್ಪಿಗೆ ಆಧಾರವಾಗಿದ್ದ ಭೂಮಿ ನೀಲಗಿರಿಯ ಪಾಲಾಗತೊಡಗಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹದಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಮರಗಳ ಸಸಿಗಳನ್ನು ನೆಟ್ಟರು. 1991ರಲ್ಲಿ ಆ ಸಂಸ್ಥೆ ಮುಚ್ಚಿತು. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಆರಂಭವಾದ ಅಪ್ಪಿಕೋ ಚಳವಳಿಯು ನಿಂತ ಮರವನ್ನು ಉಳಿಸುವ ಮಾತನಾಡಿದರೆ, ಕುಸನೂರು ಯಾವ ಮರವನ್ನು ನೆಡಬೇಕು, ಆರಿಸುವವರು ಯಾರು ಎಂಬ ಪ್ರಶ್ನೆಯನ್ನು ಎತ್ತಿತು. ಜೈವಿಕ ತಂತ್ರಜ್ಞಾನದ ಎದುರೂ ಇದೇ ಪ್ರಶ್ನೆ ನಿಂತಿದೆ.

ಬಿದಿರಿನ ಉದಾಹರಣೆ ಇನ್ನಷ್ಟು ಸೂಕ್ಷ್ಮವಾದದ್ದು. ಮುಳ್ಳುಬಿದಿರು ಸುಮಾರು ನಾಲ್ಕೈದು ದಶಕಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು, ಅಕ್ಕಿಯನ್ನು ಉದುರಿಸಿ, ಒಣಗುತ್ತದೆ. ಮುಂದಿನ ಹೂವಿಗಾಗಿ ಕಾಯುವಷ್ಟು ಆಯುಷ್ಯ ಎಲ್ಲರಿಗೂ ಇರುವುದಿಲ್ಲವಾದ್ದರಿಂದ ಅಂಗಾಂಶ ಕೃಷಿ ಇಲ್ಲಿ ವರದಾನ. 1990ರಲ್ಲಿ ಪುಣೆಯ ಅದೇ ಪ್ರಯೋಗಾಲಯವು ಶೀಶೆಯೊಳಗೇ ಬಿದಿರಿಗೆ ಹೂ ಬರಿಸಿ ಜಗತ್ತಿನ ಗಮನ ಸೆಳೆಯಿತು. ಆದರೆ ಬಿದಿರಿನ ತುಣುಕು ತನ್ನ ತಾಯಿಯ ವಯಸ್ಸನ್ನು ಹೊತ್ತುಕೊಂಡೇ ಬರುತ್ತದೆ. ನಲವತ್ತು ವರ್ಷದ ಮೆಳೆಯಿಂದ ತೆಗೆದ ಸಸಿಯು ನೋಡಲು ಎಳೆಯದಾದರೂ ಹೂಬಿಡುವ ಲೆಕ್ಕದಲ್ಲಿ ಮುದಿಯದು. ಅಂತಹ ಸಸಿಯನ್ನು ನೆಟ್ಟ ರೈತನ ತೋಪು ಕೆಲವೇ ವರ್ಷಗಳಲ್ಲಿ ಹೂಬಿಟ್ಟು ಸತ್ತರೆ ಅದು ದೈವದ ಮುನಿಸಲ್ಲ. ತಾಯಿಯ ವಯಸ್ಸನ್ನು ಕೇಳದಿದ್ದುದರ ಫಲ.

ಬಿದಿರಿನ ವಿಷಯದಲ್ಲೇ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರ ಅಧ್ಯಯನವನ್ನು ನೆನೆಯಬೇಕು. ಉತ್ತರ ಕನ್ನಡದಲ್ಲಿ ಬಿದಿರು ಕ್ಷೀಣಿಸಿದಾಗ, ಮೆಳೆಯ ಬುಡದಲ್ಲಿದ್ದ ಮುಳ್ಳಿನ ಹೊದಿಕೆಯನ್ನು ಕಡಿದು ಸ್ವಚ್ಛ ಮಾಡುವ ಪದ್ಧತಿಯೇ ಒಂದು ಮುಖ್ಯ ಕಾರಣವೆಂದು ಅವರು ಕಂಡರು. ಮುಳ್ಳು ಹೋದ ಮೇಲೆ ಎಳೆಯ ಕಳಲೆ ದನಕರು ಮತ್ತು ಕಾಡುಪ್ರಾಣಿಗಳ ಬಾಯಿಗೆ ಸುಲಭವಾಯಿತು. ಹಳ್ಳಿಯವರು ಈ ಸಂಗತಿಯನ್ನು ಮೊದಲೇ ಬಲ್ಲವರಾಗಿದ್ದರು. ಪ್ರಯೋಗಾಲಯದಿಂದ ಲಕ್ಷ ಸಸಿ ತಂದರೂ ಮೆಳೆಯ ಮುಳ್ಳನ್ನು ಉಳಿಸುವ ವಿವೇಕವಿಲ್ಲದಿದ್ದರೆ ಬಿದಿರು ಉಳಿಯದು.

ಇನ್ನು ಶ್ರೀಗಂಧ. 1792ರಲ್ಲಿ ಟಿಪ್ಪು ಇದನ್ನು ರಾಜವೃಕ್ಷವೆಂದು ಸಾರಿದಂದಿನಿಂದ ಎರಡು ಶತಮಾನಗಳ ಕಾಲ ರೈತನ ಹೊಲದಲ್ಲಿ ಬೆಳೆದ ಗಂಧವೂ ಸರ್ಕಾರದ್ದಾಗಿತ್ತು. ತನ್ನದಲ್ಲದ ಮರವನ್ನು ಕಾಯುವವರಾರು? ಗಂಧದ ಸಸಿ ಕಂಡರೆ ಕಿತ್ತೆಸೆಯುವ ಮನೋಭಾವ ಬೆಳೆಯಿತು. 2001ರ ಕಾನೂನು ತಿದ್ದುಪಡಿಯು ಭೂಮಾಲೀಕನೇ ಮರದ ಒಡೆಯ ಎಂದಿತು. ಅಷ್ಟರಲ್ಲಿ ಕಳ್ಳಸಾಗಣೆ ಮತ್ತು ಸ್ಪೈಕ್ ರೋಗಗಳು ಸಹಜ ಗಂಧದ ಕಾಡನ್ನು ಬರಿದು ಮಾಡಿದ್ದವು. 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಈ ರೋಗಕ್ಕೆ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ. ಹೀರುವ ಕೀಟಗಳು ಅದನ್ನು ಹರಡುತ್ತವೆ. 1998ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಶ್ರೀಗಂಧವನ್ನು ಅಪಾಯಕ್ಕೊಳಗಾಗಬಲ್ಲ ಪ್ರಭೇದಗಳ ಪಟ್ಟಿಗೆ ಸೇರಿಸಿತು.

ಗಂಧವು ಬೀಜದಿಂದಲೂ ಬೇರಿನ ಚಿಗುರಿನಿಂದಲೂ ಹಬ್ಬುತ್ತದೆ. ದೊಡ್ಡ ಮರಗಳು ಕಳ್ಳರ ಪಾಲಾಗಿ ಬೇರಿನ ಚಿಗುರು ಮಾತ್ರ ಉಳಿದ ಕಡೆ, ಕಣ್ಣಿಗೆ ಹತ್ತಾರು ಗಿಡ ಕಂಡರೂ ಅವೆಲ್ಲ ಒಂದೇ ಮರದ ರೂಪಗಳಾಗಿರಬಹುದು. ಅಂತಹ ಗುಂಪು ಹೂಬಿಟ್ಟರೂ ಕಾಯಿ ಕಚ್ಚುವುದು ಕಡಿಮೆ. ಗಿಡಗಳನ್ನು ಎಣಿಸಿದ ಮಾತ್ರಕ್ಕೆ ಸಂತತಿಯನ್ನು ಎಣಿಸಿದಂತಾಗಲಿಲ್ಲ. ಇಲ್ಲಿ ಜೈವಿಕ ತಂತ್ರಜ್ಞಾನದ ಇನ್ನೊಂದು ಶಾಖೆ ನೆರವಿಗೆ ಬರುತ್ತದೆ. ಡಿಎನ್‌ಎ ಗುರುತುಗಳ ಮೂಲಕ ಯಾವ ಗಿಡಗಳು ಒಂದೇ, ಯಾವುವು ಬೇರೆ ಎಂದು ತಿಳಿಯಬಹುದು. ಹೆಚ್ಚು ವೈವಿಧ್ಯವಿರುವ ನೆಲೆಯನ್ನು ಮೊದಲು ಕಾಯಬಹುದು. 2018ರಲ್ಲಿ ಶ್ರೀಗಂಧದ ಸಂಪೂರ್ಣ ವಂಶವಾಹಿ ಸಮೂಹದ ಕರಡು ಪ್ರಕಟವಾದುದು ಈ ಕಾರ್ಯಕ್ಕೆ ಬಲ ನೀಡಿತು.

ಹಚ್ಚೊಳ್ಳಿಯಂತಹ ಊರಿನ ರೈತನು ಗಂಧದ ಲಾಭದ ಜಾಹೀರಾತನ್ನು ಓದುವಾಗ ಮೂರು ಸಂಗತಿಗಳನ್ನು ನೆನಪಿಡಬೇಕು. ಗಂಧವು ಅರೆಪರಾವಲಂಬಿ, ತೊಗರಿಯಂತಹ, ಹೊಂಗೆಯಂತಹ ಆಸರೆ ಗಿಡಗಳ ಬೇರು ಅದಕ್ಕೆ ಬೇಕು. ನೀರು ನಿಲ್ಲುವ ಎರೆಭೂಮಿ ಅದಕ್ಕೆ ಒಗ್ಗದು. ಕಾಲುವೆಯ ಬಸಿನೀರಿನ ಗದ್ದೆಗಿಂತ ನೀರು ಬಸಿದುಹೋಗುವ ಕೆಮ್ಮಣ್ಣೇ ಅದಕ್ಕೆ ಲೇಸು. ಮೂರನೆಯದಾಗಿ, ಚೇಗು ಕಟ್ಟಲು ವರ್ಷಗಳು ಬೇಕು; ಯಾವ ಪ್ರಯೋಗಾಲಯವೂ ಕಾಲವನ್ನು ಮೊಟಕುಗೊಳಿಸಿಲ್ಲ. 1990ರ ದಶಕದಲ್ಲಿ ತೇಗದ ತೋಪಿನ ಪಾಲು ಮಾರಿ, ಹೂಡಿದ ಹಣ ಹಲವು ಪಟ್ಟು ಬೆಳೆಯುವುದೆಂದು ನಂಬಿಸಿದ ಕಂಪನಿಗಳು ದೇಶದಾದ್ಯಂತ ಹುಟ್ಟಿಕೊಂಡಿದ್ದವು. ಅವುಗಳ ಅತಿರೇಕದಿಂದಾಗಿ 1999ರಲ್ಲಿ ಸೆಬಿಯು ಸಾಮೂಹಿಕ ಹೂಡಿಕೆ ಯೋಜನೆಗಳಿಗೆ ಕಟ್ಟುನಿಟ್ಟಿನ ನಿಯಮ ತರಬೇಕಾಯಿತು. ಮರ ಬೆಳೆಯುವುದು ಮಣ್ಣಿನ ಲೆಕ್ಕದಲ್ಲಿ, ಕರಪತ್ರದ ಲೆಕ್ಕದಲ್ಲಲ್ಲ.

ಈಗ ವಂಶವಾಹಿ ಸಂರಕ್ಷಣೆಯ ವಿಚಾರ. ಬತ್ತ, ರಾಗಿ, ಜೋಳದ ಬೀಜಗಳನ್ನು ಒಣಗಿಸಿ ಶೀತಲಗೃಹದಲ್ಲಿ ದಶಕಗಳ ಕಾಲ ಇಡಬಹುದು. ಮಳೆಕಾಡಿನ ಅನೇಕ ಮರಗಳ ಬೀಜಕ್ಕೆ ಈ ಗುಣವಿಲ್ಲ. ರಾಮಪತ್ರೆಯ ಬೀಜ ಒಣಗಿದರೆ ಸತ್ತಂತೆಯೇ. ಅಂತಹವುಗಳ ಭ್ರೂಣವನ್ನೋ ಮೊಗ್ಗನ್ನೋ ಮೈನಸ್ 196 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ದ್ರವ ಸಾರಜನಕದಲ್ಲಿ ಕಾಪಿಡುವ ತಂತ್ರವಿದೆ. ದೆಹಲಿಯ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋದಲ್ಲಿ ಇಂತಹ ಅತಿಶೀತಲ ಭಂಡಾರವಿದೆ. ಆದರೆ ಕಾಡಿನ ಪ್ರತಿಯೊಂದು ಪ್ರಭೇದಕ್ಕೂ ಪ್ರತ್ಯೇಕ ವಿಧಾನ ಬೇಕು. ವರ್ಷಗಳ ಪರಿಶ್ರಮ ಬೇಕು. ತೆಂಗಿನಂತಹ ಮರಗಳನ್ನು ಜೀವಂತ ತೋಪುಗಳಾಗಿಯೇ ಕಾಯುವ ಕ್ರಮವಿದೆ. ದಕ್ಷಿಣ ಕನ್ನಡದ ಕಿದುವಿನಲ್ಲಿ ದಕ್ಷಿಣ ಏಷ್ಯಾದ ಅಂತಾರಾಷ್ಟ್ರೀಯ ತೆಂಗಿನ ವಂಶವಾಹಿ ಭಂಡಾರವಿದೆ.

ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಿಂದ 2000ದಲ್ಲಿ ವಿಜ್ಞಾನಕ್ಕೆ ಹೊಸದಾದ ಮರವೊಂದನ್ನು ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಹೆಸರಿನಿಂದ ವರ್ಣಿಸಲಾಯಿತು. ಊರಿನ ಹೆಸರನ್ನೇ ಹೊತ್ತ ಈ ಮರ ಅತ್ಯಂತ ವಿರಳ. ಇದರಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಒಂದೇ ಮರದಿಂದ ಸಾವಿರ ತದ್ರೂಪಿ ಪಡೆದರೆ ಸಾವಿರ ಗಂಡೋ ಸಾವಿರ ಹೆಣ್ಣೋ ಸಿಗುತ್ತವೆಯೇ ವಿನಾ ಮುಂದಿನ ತಲೆಮಾರು ಸಿಗದು. ಅಲ್ಲದೆ ಜಡ್ಡಿಯ ನೀರು, ಕೆಸರು, ಬೀಜ ಹೊತ್ತೊಯ್ಯುವ ಜೀವಿಗಳು ಯಾವ ಶೀಶೆಯಲ್ಲಿಯೂ ಹಿಡಿಸವು. ಆದ್ದರಿಂದಲೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಉಮಾ ಶಂಕರ್ ಮತ್ತು ಕೆ.ಎನ್. ಗಣೇಶಯ್ಯ ಅವರು 1997ರಲ್ಲಿ ನೆಲ್ಲಿಮರದ ಅಧ್ಯಯನವನ್ನು ಆಧರಿಸಿ ‘ಅರಣ್ಯ ವಂಶವಾಹಿ ಭಂಡಾರ’ ಎಂಬ ಕಲ್ಪನೆಯನ್ನು ಮಂಡಿಸಿದರು. ಬೇರೆ ಬೇರೆ ನೆಲೆಗಳ ವೈವಿಧ್ಯವನ್ನು ಜೀವಂತ ಕಾಡಿನ ಒಂದು ಭಾಗಕ್ಕೆ ತಂದು, ಅಲ್ಲಿಯೇ ಹೂ, ಪರಾಗ, ಬೀಜಗಳ ಮೂಲಕ ಮುಂದುವರಿಯಲು ಬಿಡುವುದು ಅದರ ಸಾರ.

ಈ ಸಂಪತ್ತು ಯಾರದು ಎಂಬುದು ಕೊನೆಯ ಪ್ರಶ್ನೆ. ಹಚ್ಚೊಳ್ಳಿಯ ಬದುವಿನ ಬೇವೂ ಈ ಪ್ರಶ್ನೆಯಿಂದ ಹೊರತಲ್ಲ. ಬೇವಿನಿಂದ ಶಿಲೀಂಧ್ರನಾಶಕ ತಯಾರಿಸುವ ವಿಧಾನಕ್ಕೆ ಅಮೆರಿಕದ ಕಂಪನಿಯೊಂದು ಮತ್ತು ಅಲ್ಲಿನ ಕೃಷಿ ಇಲಾಖೆ ಪಡೆದಿದ್ದ ಪೇಟೆಂಟನ್ನು ಯೂರೋಪಿನ ಪೇಟೆಂಟ್ ಕಚೇರಿ 2000ದಲ್ಲಿ ರದ್ದುಪಡಿಸಿತು. 2005ರಲ್ಲಿ ಮೇಲ್ಮನವಿಯೂ ವಜಾ ಆಯಿತು. ಇದಕ್ಕೆ ಎದುರಾಗಿ ಒಂದು ಸಮಾಧಾನದ ಉದಾಹರಣೆಯೂ ಇದೆ. ತುಮಕೂರು ಜಿಲ್ಲೆಯ ರೈತ ಕುಟುಂಬವೊಂದರ ಕೆಂಪುತೊಳೆಯ ‘ಸಿದ್ದು’ ಹಲಸನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಗುರುತಿಸಿ, 2017ರಲ್ಲಿ ಒಪ್ಪಂದ ಮಾಡಿಕೊಂಡಿತು. ಕಸಿಗಿಡಗಳ ಆದಾಯದ ಹೆಚ್ಚಿನ ಪಾಲು ತಾಯಿಮರವನ್ನು ಕಾಪಾಡಿದ ಆ ಕುಟುಂಬಕ್ಕೇ ಸಲ್ಲುವ ಏರ್ಪಾಡಾಯಿತು. ವಿಜ್ಞಾನ ಮತ್ತು ರೈತರ ನಡುವೆ ಇಂತಹ ನ್ಯಾಯವಾದ ಸಂಬಂಧ ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ.

2002ರ ಜೀವವೈವಿಧ್ಯ ಕಾಯಿದೆಯು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಹಾಗೂ ಜನತಾ ಜೀವವೈವಿಧ್ಯ ದಾಖಲೆಗೆ ಅವಕಾಶ ಕಲ್ಪಿಸಿದೆ. 2007ರಲ್ಲಿ ದೇವನಹಳ್ಳಿಯ ನಲ್ಲೂರಿನ ಹುಣಸೆ ತೋಪು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದುದು ಈ ಕಾಯಿದೆಯ ಅಡಿಯಲ್ಲಿಯೇ. ಬಯಲುಸೀಮೆಯ ಹುಣಸೆ ತೋಪಿಗೆ ಸಿಕ್ಕ ಮಾನ್ಯತೆಯು ಘಟ್ಟದ ದೇವರಕಾಡಿಗೂ, ಹೊಳೆಯಂಚಿನ ಅಪ್ಪೆಮಿಡಿ ಸಾಲಿಗೂ ದೊರೆಯಬಾರದೇಕೆ? ಕಾಗದದಲ್ಲಿ ಮಾತ್ರ ಇರುವ ದಾಖಲೆ ಗೆದ್ದಲಿಗೆ ಆಹಾರ. ತಾಯಿಮರ ಎಲ್ಲಿದೆ, ಎಂದು ಹೂಬಿಡುತ್ತದೆ, ಯಾವ ರೋಗವನ್ನು ತಾಳಿತು, ಅದರ ಗುಣವೇನು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಬರೆದಿಡಬೇಕು.

ಗ್ರಾಮಸ್ಥರು ಸಸಿ ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಲಿ. ಇದು ಬೀಜದ ಸಸಿಯೋ, ಕಸಿಯೋ, ಅಂಗಾಂಶ ಕೃಷಿಯದೋ? ತಾಯಿಮರ ಯಾವ ಸೀಮೆಯದು, ಅದರ ವಯಸ್ಸೆಷ್ಟು? ಈ ಗುಂಪಿನಲ್ಲಿ ಎಷ್ಟು ಬೇರೆ ಬೇರೆ ತಾಯಿಗಳ ಸಸಿಗಳಿವೆ? ಇಂತಹ ಮಣ್ಣಿನಲ್ಲಿ ಇದು ಬೆಳೆದು ತೋರಿಸಿದ ತಾಣವೆಲ್ಲಿ? ಉತ್ತರ ಬಾರದಿದ್ದಲ್ಲಿ ಹಣ ಕೊಡುವ ಅವಸರ ಬೇಡ. ತದ್ರೂಪಿ ನೆಡುವುದಾದರೂ ಹಲವು ತಾಯಿಗಳವನ್ನು ಬೆರೆಸಿ ನೆಡಬೇಕು. ನಡುವೆ ಊರಿನ ಬೀಜದ ಮರಗಳಿಗೂ ಜಾಗ ಬಿಡಬೇಕು.

ವಿದ್ಯಾರ್ಥಿಗಳಿಗೆ ಇದಕ್ಕಿಂತ ಸುಲಭವೂ ತುರ್ತಿನದೂ ಆದ ಕೆಲಸವಿದೆ. ಬೇವಿನ ಹಣ್ಣು ಮುಂಗಾರಿನ ಆರಂಭದ ದಿನಗಳಲ್ಲಿ ಉದುರುತ್ತದೆ. ಅದರ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ರಾಮಪತ್ರೆಗೆ ಅಷ್ಟು ದಿನಗಳೂ ಇಲ್ಲ. ಒಂದೇ ಮರದ ಬುಡದಲ್ಲಿ ಚೀಲ ತುಂಬಿಕೊಳ್ಳದೆ, ಒಂದಕ್ಕೊಂದು ದೂರವಿರುವ ಹತ್ತಿಪ್ಪತ್ತು ಆರೋಗ್ಯವಂತ ಮರಗಳಿಂದ ಬೀಜ ಆರಿಸಿ, ತಡಮಾಡದೆ ಶಾಲೆಯ ಪಾತಿಯಲ್ಲಿ ಹಾಕಿದರೆ ಅದೇ ವಂಶವಾಹಿ ಸಂರಕ್ಷಣೆ. ಅದಕ್ಕೆ ದ್ರವ ಸಾರಜನಕ ಬೇಡ.

ಪ್ರಯೋಗಾಲಯವು ಮರವನ್ನು ಹೆಚ್ಚಿಸಬಲ್ಲದು, ವೈವಿಧ್ಯವನ್ನು ಹೆಚ್ಚಿಸಲಾರದು. ಅದು ಕಾಡಿನಿಂದ, ಹಿತ್ತಲಿನಿಂದ, ಬದುವಿನಿಂದ ಸಾಲ ಪಡೆಯುತ್ತದೆ. ಸಾಲ ಕೊಡುವ ಮನೆಯೇ ಬರಿದಾದರೆ ಶೀಶೆಯೂ ಬರಿದು. ಘಟ್ಟದ ಮೇಲಿನ ತಾಯಿಮರಗಳೂ ಹಚ್ಚೊಳ್ಳಿಯ ಬದುವಿನ ಬೇವುಗಳೂ ನಿಂತಿರುವವರೆಗೆ ವಿಜ್ಞಾನಕ್ಕೆ ಕೆಲಸವಿದೆ, ರೈತನಿಗೆ ಆಯ್ಕೆಯಿದೆ. ಈ ಮಳೆಗಾಲ ಬರುವ ಮುನ್ನ ಪ್ರತಿಯೊಂದು ಊರೂ ತನ್ನ ಹತ್ತು ತಾಯಿಮರಗಳನ್ನು ಗುರುತಿಸಲಿ.